ಮೂವತ್ತೊಂಬತ್ತು ಹೆಸರಿನ ಚೀಟಿ

ಮೇಷ್ಟ್ರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ನನಗೆ ಮೊದಲು ನೆನಪಾಗುವುದು ಅವರ ಮೇಲೆ ನನಗಿದ್ದ ಸಿಟ್ಟು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನನ್ನದು. ಹದಿನಾಲ್ಕು ಹೆಂಗಸರು, ಎರಡು ಉದ್ದ ಮೇಜು, ಒಂದು ಟೇಪ್ ಯಂತ್ರ. ನಾವು ಮಾಡುವುದು ಒಂದೇ ಸಾಮಾನು, ಕಿವಿ ಕೇಳದವರ ಮನೆಯಲ್ಲಿಡುವ ದೀಪದ ಪೆಟ್ಟಿಗೆ. ಬಾಗಿಲ ಗಂಟೆ ಹೊಡೆದರೆ, ತೊಟ್ಟಿಲಲ್ಲಿ ಮಗು ಅತ್ತರೆ, ಅದು ಕೇಳಿಸಿಕೊಂಡು ದೀಪ ಮಿನುಗಿಸುತ್ತದೆ. ದಿಂಬಿನ ಕೆಳಗಿಡುವ ಬಿಲ್ಲೆಯೊಂದಿದೆ, ಅದು ಗಡಗಡ ನಡುಗಿ ಮಲಗಿದವರನ್ನು ಎಬ್ಬಿಸುತ್ತದೆ. ಪೆಟ್ಟಿಗೆ, ಬಿಲ್ಲೆ, ವೈರು, ಕೈಪಿಡಿ ಇಷ್ಟನ್ನು ರಟ್ಟಿನ ಡಬ್ಬಕ್ಕೆ ತುಂಬಿ, ಸೀಲ್ ಹಾಕಿ, ಲಾರಿ ಹತ್ತಿಸಿದರೆ ನಮ್ಮ ಕೆಲಸ ಮುಗಿಯಿತು. ಮೇಷ್ಟ್ರು ಅಡ್ಡ ಬರುವವರೆಗೆ ಹಾಗೇ ಮುಗಿಯುತ್ತಿತ್ತು.

ಅವರು ನಿಜಕ್ಕೂ ಮೇಷ್ಟ್ರೇ. ಇಪ್ಪತ್ತೆರಡು ವರ್ಷ ಪಾಠ ಹೇಳಿ, ಶಾಲೆ ಮುಚ್ಚಿದ ಮೇಲೆ ನಮ್ಮಲ್ಲಿ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದವರು. ಜೇಬಿನಲ್ಲಿ ಸದಾ ಕೆಂಪು ಪೆನ್ನು. ನೋಟೀಸ್ ಬೋರ್ಡಿನಲ್ಲಿ ರಜೆಯ ಪಟ್ಟಿ ಅಂಟಿಸಿದರೂ ತಿದ್ದದೆ ಬಿಡುತ್ತಿರಲಿಲ್ಲ. ಅವರಿಗೆ ಕೊಟ್ಟ ಕೋಣೆ ಮೆಟ್ಟಿಲ ಕೆಳಗಿನದು. ಅಲ್ಲಿ ಕೂತಲ್ಲಿಂದ ನೆಟ್ಟಗೆ ಎದ್ದರೆ ತಲೆ ತಗಲುತ್ತದೆ. ಅಲ್ಲಿ ಬಗ್ಗಿ ಬಗ್ಗಿ ಅಭ್ಯಾಸವಾಗಿ ಅವರು ಬಯಲಿನಲ್ಲೂ ತಲೆ ತಗ್ಗಿಸಿಯೇ ಏಳುತ್ತಿದ್ದರು.

ದೀಪದ ಪೆಟ್ಟಿಗೆಯೊಳಗೆ ಪುಟ್ಟ ಕಂಪ್ಯೂಟರೊಂದಿದೆ. ಅದರಲ್ಲಿ ಓಡುವ ಪ್ರೋಗ್ರಾಂ ಎಲ್ಲ ನಮ್ಮ ಎಂಜಿನಿಯರುಗಳೇ ಬರೆದದ್ದೆಂದು ನಾನು ನಂಬಿದ್ದೆ. ಒಮ್ಮೆ ದೊಡ್ಡ ಗಿರಾಕಿಯೊಬ್ಬರು, ಇದರಲ್ಲಿ ಹೊರಗಿನವರ ಓಪನ್ ಸೋರ್ಸ್ ಪ್ರೋಗ್ರಾಂ ಏನೇನಿದೆ, ಪಟ್ಟಿ ಕೊಡಿ ಎಂದು ಕೇಳಿದಾಗ ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಗದವೊಂದನ್ನು ಕೊನೆಯ ಸಾಲಿನವರೆಗೆ ಓದುವ ಮನುಷ್ಯ ಇಡೀ ಕಾರ್ಖಾನೆಯಲ್ಲಿ ಒಬ್ಬರೇ ಇದ್ದದ್ದು. ಹಾಗಾಗಿ ಆ ಕೆಲಸ ಮೇಷ್ಟ್ರ ತಲೆಗೆ ಬಂತು. ಮೂರು ತಿಂಗಳು ಮೆಟ್ಟಿಲ ಕೆಳಗೆ ಕೂತು ಪಟ್ಟಿ ಮಾಡಿಕೊಂಡು ಸೀದಾ ನನ್ನ ಮೇಜಿನ ಹತ್ತಿರ ಬಂದರು.

"ನೋಡಿ ತಾಯಿ, ಇದ್ರಲ್ಲಿ ನಮ್ಮದು ಅನ್ನೋದು ಮೇಲಿನ ಒಂದು ಪದರ ಅಷ್ಟೇ. ಮಿಕ್ಕಿದ್ದೆಲ್ಲ ಮೂವತ್ತೊಂಬತ್ತು ಜನ ಎಲ್ಲೆಲ್ಲೋ ಕೂತು ಬರೆದು, ಯಾರು ಬೇಕಾದ್ರೂ ಬಳಸ್ಕೊಳ್ಳಿ ಅಂತ ಬಿಟ್ಟಿರೋದು."

"ಬಿಟ್ಟಿ ಕೊಟ್ಟಿದಾರೆ ಅಂದ್ಮೇಲೆ ಮುಗೀತಲ್ಲ ಮೇಷ್ಟ್ರೇ."

"ಷರತ್ತಿದೆ. ನಾನು ನಿನಗೆ ಬಿಚ್ಚಿ ತೋರಿಸಿದೀನಿ, ನೀನು ಇದನ್ನ ಯಾರಿಗೆ ಮಾರ್ತೀಯೋ ಅವರಿಗೂ ಬಿಚ್ಚಿ ತೋರಿಸು, ಅಂತ. ಪೆಟ್ಟಿಗೆ ಕೊಂಡವರು ಕೇಳಿದ್ರೆ ಸೋರ್ಸ್ ಕೋಡ್ ಕೊಡ್ಬೇಕು. ನಾವು ತಿದ್ದಿದ್ರೆ ತಿದ್ದಿದ್ದನ್ನೂ ಕೊಡ್ಬೇಕು. ಕೊಡ್ತೀವಿ ಅಂತ ಡಬ್ಬದೊಳಗೇ ಬರೆದು ಹಾಕ್ಬೇಕು."

ಸೋರ್ಸ್ ಕೋಡ್ ಎಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಪೆಟ್ಟಿಗೆಯಲ್ಲಿ ಇರುವುದು ಯಂತ್ರ ಮಾತ್ರ ಓದುವ ರೂಪ. ಇಷ್ಟು ನನಗೂ ಅರ್ಥವಾಯಿತು. ಜೀರ್ಣವಾಗದೇ ಹೋದದ್ದು ಅವರ ಚೀಟಿ. ಎಂಟು ಮಡಿಕೆ, ಎರಡೂ ಬದಿ ಅಚ್ಚು, ಮೂವತ್ತೊಂಬತ್ತು ಜನರ ಹೆಸರು, ಕೊನೆಯಲ್ಲಿ ಒಂದು ಮಾತು: ಕೊಂಡ ದಿನದಿಂದ ಮೂರು ವರ್ಷದೊಳಗೆ ಈ ವಿಳಾಸಕ್ಕೆ ಬರೆದು ಕೇಳಿದವರಿಗೆ ಸೋರ್ಸ್ ಕೋಡ್ ಕಳಿಸಿಕೊಡುತ್ತೇವೆ. ಅದನ್ನು ಮಡಿಸಿ ತುಂಬುವುದಕ್ಕೆಂದೇ ನನ್ನ ಇಬ್ಬರು ಹೆಂಗಸರು ಬೇಕಾದರು.

"ಇದನ್ನ ಯಾರು ಓದ್ತಾರೆ ಮೇಷ್ಟ್ರೇ? ಭೂತಗನ್ನಡಿನೂ ಡಬ್ಬಕ್ಕೆ ಹಾಕ್ಲಾ?"

"ಒಬ್ಬರು ಓದಿದ್ರೆ ಸಾಕು ತಾಯಿ."

"ಹಾಗಿದ್ರೆ ಆ ಒಬ್ಬರಿಗೆ ನೀವೇ ಹೋಗಿ ಕೈಗೆ ಕೊಟ್ಟು ಬನ್ನಿ. ನಮ್ಮ ಪ್ರಾಣ ಯಾಕೆ ತಿಂತೀರಿ?"

"ಆ ಒಬ್ಬರು ಯಾರು ಅಂತ ಗೊತ್ತಿದ್ರೆ ಹೋಗ್ತಿದ್ದೆ," ಅಂದರು, ತಮಾಷೆಯಲ್ಲ, ನಿಜವಾಗಿ.

ಒಮ್ಮೆ ಅಚ್ಚಿನವನು ಚೀಟಿ ತಡ ಮಾಡಿದ. ನಾನು ಕಾಯಲಿಲ್ಲ, ಆರುನೂರು ಡಬ್ಬ ಚೀಟಿಯಿಲ್ಲದೆ ಸೀಲ್ ಹಾಕಿಸಿ ಲಾರಿ ಹತ್ತಿಸಿದೆ. ಮೇಷ್ಟ್ರು ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಓಡಿ ಹೋಗಿ ಗೇಟಿನಲ್ಲಿ ಲಾರಿಗೆ ಅಡ್ಡ ನಿಂತರು. ಡ್ರೈವರ್ ಬಾಯಿಗೆ ಬಂದ ಹಾಗೆ ಬೈದ. ಇವರು ಕದಲಲಿಲ್ಲ. ಆರುನೂರನ್ನೂ ಇಳಿಸಿ, ಬಿಚ್ಚಿ, ಚೀಟಿ ಹಾಕಿ, ಮತ್ತೆ ಅಂಟಿಸಿದೆವು. ಒಂದು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ ಅನ್ನುವುದು ಇನ್ನೂ ಹೊಟ್ಟೆ ಉರಿಸಿತು.

ಚೀಟಿಯ ಜೊತೆಗೆ ಅವರದೊಂದು ಪರೀಕ್ಷೆ. ಪ್ರೋಗ್ರಾಂ ಬದಲಾದಾಗಲೆಲ್ಲ ಅದರ ಸೋರ್ಸ್ ಕೋಡನ್ನು ಒಂದು ಡಿಸ್ಕಿಗೆ ಹಾಕಿ ಕಪಾಟಿನಲ್ಲಿ ಇಡುತ್ತಿದ್ದರು. ಇಟ್ಟರೆ ಸಾಲದು. ನಾನು ಸೀಲ್ ಹಾಕಿದ ರಾಶಿಯಿಂದ ತಮಗೆ ತೋಚಿದ ಒಂದು ಡಬ್ಬ ಎಳೆದು, ಬಿಚ್ಚಿ, ಪೆಟ್ಟಿಗೆಯನ್ನು ಕೋಣೆಗೆ ಒಯ್ಯುತ್ತಿದ್ದರು. ಅಲ್ಲಿ ಏನೂ ತುಂಬಿಸದ ಖಾಲಿ ಕಂಪ್ಯೂಟರೊಂದಿತ್ತು. ಅದರಲ್ಲಿ ಬರೀ ಆ ಡಿಸ್ಕಿನಲ್ಲಿರುವುದರಿಂದಲೇ ಪ್ರೋಗ್ರಾಂ ಹೊಸದಾಗಿ ಕಟ್ಟಿ, ಪೆಟ್ಟಿಗೆಗೆ ತುಂಬಿ, ಗಂಟೆ ಒತ್ತಿ, ಮಗುವಿನ ಅಳು ಕೇಳಿಸಿ, ದೀಪ ಹತ್ತುವುದನ್ನು ಕಣ್ಣಾರೆ ಕಾಣಬೇಕು. ಆ ಅಳು ನನ್ನ ಮೊಮ್ಮಗಳದು, ಅವಳು ಮೂರು ತಿಂಗಳ ಕೂಸಾಗಿದ್ದಾಗ ನಾನೇ ಫೋನಿನಲ್ಲಿ ಹಿಡಿದುಕೊಟ್ಟದ್ದು. ದೀಪ ಹತ್ತಿದ ಮೇಲೆ ಮೂವತ್ತೊಂಬತ್ತು ಹೆಸರನ್ನೂ ಬೆರಳಿಟ್ಟು ಮೆಲ್ಲಗೆ ಓದಿ, ದಪ್ಪ ಪುಸ್ತಕವೊಂದರಲ್ಲಿ ಕೆಂಪು ಶಾಯಿಯಲ್ಲಿ 'ಪರೀಕ್ಷಿಸಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡುತ್ತಿದ್ದರು. ಆ ಸಹಿ ಬೀಳದೆ ಲಾರಿ ಹೊರಡುವ ಹಾಗಿಲ್ಲ. ಇಷ್ಟಕ್ಕೆ ಎರಡು ಗಂಟೆ. ಅಷ್ಟು ಹೊತ್ತೂ ನಾನು ಹಲ್ಲು ಕಡಿಯುತ್ತ ನಿಂತಿರುತ್ತಿದ್ದೆ.

ಇನ್ನು ಆ ದಿನದ ಮಾತು. ನಾಲ್ಕು ವರ್ಷ ಕೆಳಗೆ, ಹಳೆಯ ಮಾಡೆಲ್ಲಿನ ಕೊನೆಯ ಕಂತು ಹೊರಡುವ ದಿನ. ಅಳು ಗುರುತಿಸುವ ಭಾಗದಲ್ಲಿ ಏನೋ ತೊಂದರೆಯಿದ್ದು, ನಮ್ಮ ಗಡ್ಡದ ಎಂಜಿನಿಯರ್ ಹಿಂದಿನ ವಾರವಷ್ಟೇ ಸರಿ ಮಾಡಿದ್ದ. ಅದೇ ದಿನ ಮೇಷ್ಟ್ರ ಹೆಂಡತಿಗೆ ಆಪರೇಷನ್ ಇತ್ತು. ಮೂರು ಗಂಟೆಗೆ ಅವರು ಆಸ್ಪತ್ರೆಯಲ್ಲಿ ಇರಬೇಕು. ಲಾರಿ ಬಂದು ನಿಂತಾಗ ಎರಡು ಹೊಡೆದಿತ್ತು. ಅವರು ರಾಶಿಯಿಂದ ಡಬ್ಬ ಎಳೆಯಲು ಹೊರಟರು. ನಾನು ಕೈ ಅಡ್ಡ ಇಟ್ಟೆ.

"ಮೇಷ್ಟ್ರೇ, ಅಲ್ಲಿ ಅಕ್ಕ ಒಬ್ಬರೇ ಮಲಗಿದಾರೆ, ನೀವಿಲ್ಲಿ ಡಬ್ಬ ಬಿಚ್ತಾ ಕೂರ್ತೀರಾ? ಸೈನ್ ಹಾಕಿ ಹೊರಡಿ. ನಾಳೆ ಬಂದು ಪರೀಕ್ಷೆ ಮಾಡ್ಕೊಳ್ಳಿ. ನನ್ನ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ."

ಅವರು ಗಡಿಯಾರ ನೋಡಿದರು, ಲಾರಿ ನೋಡಿದರು, ಸಹಿ ಹಾಕಿದರು. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಗೇಟಿನ ಕಡೆ ಹೊರಟರು. ಅಕ್ಕನ ಬಗ್ಗೆ ನನಗೆ ಮರುಕವಿದ್ದದ್ದು ಸುಳ್ಳಲ್ಲ. ಆದರೆ ಎರಡು ಗಂಟೆ ಉಳಿಯಿತಲ್ಲ ಎಂಬ ಖುಷಿ ಅದಕ್ಕಿಂತ ದೊಡ್ಡದಿತ್ತು. ಅಕ್ಕ ಮನೆಗೆ ಬಂದು ಚೇತರಿಸಿಕೊಳ್ಳಲು ಒಂದೂವರೆ ತಿಂಗಳು ಹಿಡಿಯಿತು. ಮೇಷ್ಟ್ರು ವಾಪಸು ಬರುವ ಹೊತ್ತಿಗೆ ಆ ಮಾಡೆಲ್ ನಿಂತು ಹೋಗಿತ್ತು. ಗಡ್ಡದವನೂ ಯಜಮಾನರ ಅಳಿಯನ ಜೊತೆ ಜಗಳವಾಡಿ ಕೆಲಸ ಬಿಟ್ಟಿದ್ದ. ನಾಳೆ ಅಂದದ್ದು ಬರಲೇ ಇಲ್ಲ.

ಹನ್ನೊಂದು ವರ್ಷದಲ್ಲಿ ಸಾವಿರಾರು ಚೀಟಿ ಹೊರಗೆ ಹೋಗಿವೆ. ಒಂದೂ ತಿರುಗಿ ಬಂದಿರಲಿಲ್ಲ. ಕಳೆದ ವರ್ಷ ಒಂದು ಬಂತು. ಮಡಿಕೆಯಲ್ಲಿ ಹರಿದು ಟೇಪ್ ಅಂಟಿಸಿದ ಚೀಟಿ, ಕೊಂಡ ರಸೀತಿ, ಜೊತೆಗೆ ಗುಂಡಗಿನ ಅಕ್ಷರದ ಒಂದು ಕಾಗದ. ಮೇಷ್ಟ್ರು ಅದನ್ನು ಮೊದಲು ತಂದು ತೋರಿಸಿದ್ದು ನನಗೆ. ನಾನು ಮೇಜಿಗೆ ಒರಗಿ ಓದಿದೆ.

'ನಾನು ಬಟ್ಟೆ ಹೊಲಿಯುವವಳು. ನನಗೂ ನನ್ನ ಗಂಡನಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೊದಲ ಮಗುವಿಗೆಂದು ನಿಮ್ಮ ಪೆಟ್ಟಿಗೆ ಕೊಂಡೆವು, ಚೆನ್ನಾಗಿ ಕೆಲಸ ಮಾಡಿತು. ಈಗ ಪಕ್ಕದ ಮನೆಯವರು ನಾಯಿ ತಂದಿದ್ದಾರೆ. ಅದು ಬೊಗಳಿದಾಗಲೆಲ್ಲ ಮಗು ಅತ್ತಂತೆ ದೀಪ ಹತ್ತುತ್ತದೆ. ದಿನಕ್ಕೆ ನಲವತ್ತು ಸಲ ಹತ್ತಿ ಹತ್ತಿ ಈಗ ನಾವು ತಿರುಗಿಯೂ ನೋಡುವುದಿಲ್ಲ. ಎರಡನೆಯ ಮಗು ಬರಲು ಎರಡು ತಿಂಗಳಿದೆ. ಅಂಗಡಿಯಲ್ಲಿ ಕೇಳಿದರೆ ಈ ಮಾಡೆಲ್ ನಿಂತಿದೆ, ರಿಪೇರಿ ಇಲ್ಲ ಎಂದರು. ನನ್ನ ತಮ್ಮನಿಗೆ ಕಂಪ್ಯೂಟರ್ ಬರುತ್ತದೆ. ಸೋರ್ಸ್ ಕೋಡ್ ಸಿಕ್ಕರೆ ನಾಯಿಯನ್ನೂ ಮಗುವನ್ನೂ ಬೇರೆ ಮಾಡಬಹುದು ಎನ್ನುತ್ತಾನೆ. ನೀವು ಕೊಡುತ್ತೇವೆ ಎಂದು ಚೀಟಿಯಲ್ಲಿ ಬರೆದಿದ್ದೀರಿ.'

"ಓದಿದ್ರು ನೋಡಿ ತಾಯಿ," ಅಂದರು ಮೇಷ್ಟ್ರು. ಸಂತೋಷಕ್ಕೆ ಅವರ ಕಿವಿ ಕೆಂಪಾಗಿತ್ತು. ನಾನು ರಸೀತಿಯ ತಾರೀಖು ನೋಡಿದೆ. ಆ ಕೊನೆಯ ಕಂತು. ಪರೀಕ್ಷೆಯಿಲ್ಲದೆ ಸಹಿ ಬಿದ್ದದ್ದು.

ಅವರು ಡಿಸ್ಕ್ ತೆಗೆದರು. ಪ್ರತಿ ಕಂತಿನ ಒಂದು ಡಬ್ಬ ನನ್ನ ಕಪಾಟಿನಲ್ಲಿ ಇಡಬೇಕೆಂಬುದೂ ಅವರದೇ ಹಠ. ಆ ಕಂತಿನದನ್ನು ನಾನೇ ಕೊಟ್ಟೆ. ಖಾಲಿ ಕಂಪ್ಯೂಟರಿನಲ್ಲಿ ಕಟ್ಟಿದರು, ತುಂಬಿದರು, ಗಂಟೆ ಒತ್ತಿದರು. ದೀಪ ಹತ್ತಿತು. ಅಳು ಕೇಳಿಸಿದರು. ನನ್ನ ಮೊಮ್ಮಗಳು ಬಾಯಿ ಬಡಿದುಕೊಂಡು ಅಳುತ್ತಲೇ ಇದ್ದಳು, ದೀಪ ಮಾತ್ರ ಕಪ್ಪಗೆ ಕೂತಿತ್ತು. ಮೂರು ಸಲ ಮಾಡಿದರು. ಗಡ್ಡದವನು ಸರಿ ಮಾಡಿದ ಭಾಗ ಡಿಸ್ಕಿನಲ್ಲಿ ಇರಲೇ ಇಲ್ಲ. ಉಳಿದ ಎಂಜಿನಿಯರುಗಳನ್ನು ಕೇಳಿದಾಗ ತಿಳಿಯಿತು, ಅವನು ಅದನ್ನು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಅಲ್ಲಿಂದಲೇ ಪೆಟ್ಟಿಗೆಗೆ ಕಳಿಸಿದ್ದ. ಅಂದು ಪರೀಕ್ಷೆ ಮಾಡಿದ್ದರೆ ಅಂದೇ ಸಿಕ್ಕಿಬೀಳುತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ವಿಷಯ ಅಳಿಯಂದಿರ ತನಕ ಹೋಯಿತು. ಯಜಮಾನರ ಅಳಿಯ, ಈಗ ಅವರೇ ಮ್ಯಾನೇಜರು. ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ಮೂರು ವರ್ಷ ತುಂಬೋಕೆ ಇನ್ನು ಎಷ್ಟು ದಿನ?" ಅಂದರು.

"ಹನ್ನೊಂದು," ಅಂದರು ಮೇಷ್ಟ್ರು.

"ಹಾಗಾದ್ರೆ ಹನ್ನೊಂದು ದಿನ ಸುಮ್ನಿರಿ. ಆಮೇಲೆ ಅವಧಿ ಮುಗೀತು ಅಂತ ಬರೆದು ಕೈ ತೊಳ್ಕೊಳ್ಳೋಣ."

"ಕೇಳಿದ ದಿನ ಲೆಕ್ಕ ಸ್ವಾಮಿ, ಕೊಡೋ ದಿನ ಅಲ್ಲ. ಅವರು ಟೈಮಿಗೆ ಸರಿಯಾಗಿ ಕೇಳಿದಾರೆ."

"ಸರಿ, ಆ ಡಿಸ್ಕೇ ಕಳಿಸಿ. ಸರಿ ಇದೆಯೋ ಇಲ್ವೋ ಆ ಹೆಂಗಸಿಗೆ ಹೇಗೆ ಗೊತ್ತಾಗ್ಬೇಕು?"

ಮೇಷ್ಟ್ರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅದನ್ನ ತುಂಬಿದ್ರೆ ಮಗು ಅತ್ರೂ ದೀಪ ಹತ್ತಲ್ಲ! ಗೊತ್ತಾಗೋದು ಹೇಗೆ ಅಂತೀರಾ? ಮಗು ಅತ್ತು ಅತ್ತು ಸುಸ್ತಾದ್ಮೇಲೆ ಗೊತ್ತಾಗುತ್ತೆ!"

ಅಳಿಯಂದಿರು ಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿದರು. ಹೊರಗೆ ಬಂದು ಮೇಷ್ಟ್ರು ನನ್ನನ್ನು ಕೇಳಿದ್ದು ಇಷ್ಟೇ: "ಗಡ್ಡದವರ ಮನೆ ನಿಮಗೆ ಗೊತ್ತಲ್ವಾ ತಾಯಿ?"

ಗೊತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಹೋದೆವು. ಮೂರನೇ ಮಹಡಿ, ಬಾಗಿಲ ಮುಂದೆಯೇ ಬಟ್ಟೆ ಒಣಗಿಸುವ ಹಗ್ಗ. ಗಡ್ಡ ಬೋಳಿಸಿಬಿಟ್ಟಿದ್ದ, ಒಂದು ಕ್ಷಣ ಗುರುತೇ ಸಿಗಲಿಲ್ಲ. ವಿಷಯ ಕೇಳಿದ್ದೇ ಅವನ ಮುಖ ಗಂಟಾಯಿತು.

"ಆ ಅಳಿಯ ನನ್ನನ್ನ ಎಲ್ಲರೆದುರು ಕಳ್ಳ ಅನ್ನೋ ಹಾಗೆ ಮಾತಾಡಿಸ್ದ. ಈಗ ನಾನು ಅವನ ಮರ್ಯಾದೆ ಉಳಿಸ್ಬೇಕಾ? ಅಷ್ಟಕ್ಕೂ ಸೈನ್ ಹಾಕಿದ್ದು ಯಾರು? ನಿಮ್ಮ ಪರೀಕ್ಷೇಲಿ ಯಾಕೆ ಸಿಗ್ಲಿಲ್ಲ ಮೇಷ್ಟ್ರೇ?"

"ಪರೀಕ್ಷೆ ಮಾಡ್ಲಿಲ್ಲ. ಮಾಡ್ದೆ ಸೈನ್ ಹಾಕ್ದೆ. ನನಗೆ ಅವಸರ ಇತ್ತು," ಅಂದರು ಮೇಷ್ಟ್ರು.

ನಾನು ಪಕ್ಕದಲ್ಲೇ ಕೂತಿದ್ದೆ. ಅವಸರ ಅವರದಲ್ಲ, ನನ್ನದು ಅನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಊರಿಗೆಲ್ಲ ಕೇಳುವ ಬಾಯಿ ನನ್ನದು, ಆ ಹೊತ್ತಿಗೆ ಬೀಗ ಬಿದ್ದಂತಾಯಿತು. ಎದುರಿಗಿದ್ದ ಟೇಬಲ್ ಫ್ಯಾನ್ ನೋಡುತ್ತ ಕೂತೆ.

ಮೇಷ್ಟ್ರು ಕಾಗದವನ್ನು ಅವನ ಕೈಗೆ ಕೊಟ್ಟರು. ಅವನು ನಿಂತೇ ಓದಿದ, ಆಮೇಲೆ ಕೂತು ಓದಿದ. "ನಾಯಿ ಬೊಗಳೋದು ನನ್ನ ತಲೆಗೇ ಹೊಳೀಲಿಲ್ಲ ನೋಡಿ," ಅಂತ ಗದ್ದ ಕೆರೆದುಕೊಂಡು, "ಅಮ್ಮಾ, ಆ ಲ್ಯಾಪ್‌ಟಾಪ್ ಬೇಕಿತ್ತು," ಎಂದು ಒಳಗೆ ಕೂಗಿದ. ಲ್ಯಾಪ್‌ಟಾಪ್ ನನ್ನ ಕಣ್ಣೆದುರೇ ಇತ್ತು, ಫ್ಯಾನಿನ ಕೆಳಗೆ. ಎತ್ತರಕ್ಕೆಂದು ಅವನ ತಾಯಿ ಅದರ ಮೇಲೆ ಫ್ಯಾನ್ ಕೂರಿಸಿದ್ದರು.

"ಅದನ್ನ ತೆಗೆದ್ರೆ ಗಾಳಿಯೆಲ್ಲ ನನ್ನ ಮೊಣಕಾಲಿಗೆ ಹೋಗುತ್ತೆ, ಮುಖಕ್ಕೆ ಬರಲ್ಲ!" ಎಂದು ಮುದುಕಿ ಹಟ ಹಿಡಿದಳು. ನಾನು ಅಡುಗೆಮನೆಯಿಂದ ಖಾಲಿ ಡಬ್ಬವೊಂದನ್ನು ಹುಡುಕಿ ತಂದು ಬೋರಲು ಹಾಕಿ ಫ್ಯಾನ್ ಇಟ್ಟೆ. ಆ ದಿನ ನಾನು ಮಾಡಿದ ಉಪಕಾರ ಅಷ್ಟೇ.

ತಿದ್ದಿದ ಭಾಗ ಅದರಲ್ಲಿತ್ತು. ಮೇಷ್ಟ್ರು ಅದನ್ನು ತಂದು ಹೊಸ ಡಿಸ್ಕ್ ಮಾಡಿ, ಖಾಲಿ ಕಂಪ್ಯೂಟರಿನಲ್ಲಿ ಕಟ್ಟಿ, ಅಳು ಕೇಳಿಸಿದರು. ದೀಪ ಹತ್ತಿತು. ಒಂಬತ್ತನೆಯ ದಿನ ಡಿಸ್ಕ್ ಟಪಾಲಿಗೆ ಹೋಯಿತು. ಜೊತೆಗೆ ಕಂಪನಿಯ ಹೆಸರಿರುವ ಕಾಗದದಲ್ಲಿ, ಈ ಕಂತಿನ ಸೋರ್ಸ್ ಕೋಡನ್ನು ಹಿಂದೆ ಪರೀಕ್ಷಿಸದೆ ಇಟ್ಟಿದ್ದೆವು, ಅದು ನನ್ನ ತಪ್ಪು, ಈಗ ಸರಿಪಡಿಸಿ ಕಳಿಸಿದ್ದೇವೆ ಎಂದು ಬರೆದು, ಅದರ ಒಂದು ಪ್ರತಿಯನ್ನು ಅಳಿಯಂದಿರ ಮೇಜಿನ ಮೇಲೂ ಇಟ್ಟರು. ಅದನ್ನು ಇಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಡದಿದ್ದರೆ ಅವರು ಮೇಷ್ಟ್ರಾಗಿರುತ್ತಿರಲಿಲ್ಲ.

"ಕಂಪನಿ ಕಾಗದದಲ್ಲಿ ತಪ್ಪೊಪ್ಪಿಗೆ ಬರ್ಕೊಡ್ತಾರಾ ಯಾರಾದ್ರೂ?" ಎಂದು ಅಳಿಯಂದಿರು ಕೂಗಾಡಿದ್ದು ಪ್ಯಾಕಿಂಗ್ ಮೇಜಿನ ತನಕ ಕೇಳಿಸಿತು. ಮುಂದಿನ ತಿಂಗಳಿನಿಂದ ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಅಂದರು. ಮೇಷ್ಟ್ರು ಕೋಣೆ ಗುಡಿಸಿ, ಡಿಸ್ಕುಗಳ ಕಪಾಟಿನ ಬೀಗದ ಕೈಯನ್ನೂ ದಪ್ಪ ಪುಸ್ತಕವನ್ನೂ ತಂದು ನನ್ನ ಕೈಗಿಟ್ಟರು.

"ನನಗ್ಯಾಕೆ ಇದು? ನಾನು ಡಬ್ಬ ಮುಚ್ಚೋಳು."

"ಮುಚ್ಚೋರ ಹತ್ರಾನೇ ಇರ್ಬೇಕು," ಅಂದರು. ಹೊರಡುವ ಮುಂಚೆ ಡಿಸ್ಕಿನಿಂದ ಪ್ರೋಗ್ರಾಂ ಕಟ್ಟಿ ತುಂಬುವುದನ್ನೂ ನನಗೆ ಕಲಿಸಿದರು. ಕಪಾಟು ನಾನು ನೋಡಿಕೊಳ್ಳುವುದಕ್ಕೆ ಅಳಿಯಂದಿರೂ ಏನೂ ಅನ್ನಲಿಲ್ಲ, ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ಆ ರಾತ್ರಿ ಅಲ್ಲ, ಮರುದಿನವೂ ಅಲ್ಲ, ವಾರ ಕಳೆದ ಮೇಲೆ ನಾನು ಪುಸ್ತಕ ತೆರೆದು ಆ ಪುಟ ಹುಡುಕಿದೆ. ಹಳೆಯ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ ಹೊಸದಾಗಿ ಬರೆದಿದ್ದರು: 'ಪರೀಕ್ಷಿಸದೆ ಸಹಿ ಮಾಡಿದ್ದೇನೆ. ಕಾರಣ, ನನ್ನ ಅವಸರ.' ಲಾರಿಯ ಮಾತಿಲ್ಲ, ಪ್ಯಾಕಿಂಗಿನ ಮಾತಿಲ್ಲ. ನನ್ನ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ ಎಂದು ಹೇಳಿದ್ದವಳು ನಾನು. ಆ ಮಾತು ಉಳಿಸಿಕೊಂಡವರು ಅವರು. ನನಗೆ ನಾಚಿಕೆಯಾಯಿತು. ಪುಸ್ತಕ ಮುಚ್ಚಿಟ್ಟೆ.

ನಾಲ್ಕು ತಿಂಗಳ ಮೇಲೆ ಒಂದು ಲಕೋಟೆ ಬಂತು. ಒಳಗೆ ಒಂದು ಡಿಸ್ಕ್, ಎಂಟು ಮಡಿಕೆಯ ಕಾಗದ. ಅದೇ ಗುಂಡಗಿನ ಅಕ್ಷರ. 'ಮಗಳು ಹುಟ್ಟಿದ್ದಾಳೆ. ಈಗ ನಾಯಿಗೆ ದೀಪ ಹತ್ತುವುದಿಲ್ಲ, ಅವಳಿಗೆ ಹತ್ತುತ್ತದೆ. ಗೊತ್ತಿರುವ ಇನ್ನು ನಾಲ್ಕು ಮನೆಯವರಿಗೂ ತಮ್ಮ ಇದನ್ನು ತುಂಬಿಕೊಟ್ಟಿದ್ದಾನೆ. ಮುಂದಿನವರಿಗೆ ಕೊಡುವವರು ತಿದ್ದಿದ್ದನ್ನೂ ಕೊಡಬೇಕೆಂದು ಷರತ್ತಿನಲ್ಲಿ ಇರುವುದರಿಂದ ಅವರಿಗೂ ಕೊಟ್ಟಿದ್ದೇವೆ. ನಿಮ್ಮಲ್ಲೂ ಇರಲಿ ಎಂದು ಕಳಿಸಿದ್ದೇವೆ.' ಕೆಳಗೆ ಮೂವತ್ತೊಂಬತ್ತು ಹೆಸರು, ಕೈಯಲ್ಲೇ ಬರೆದದ್ದು, ಒಂದೂ ಬಿಟ್ಟಿಲ್ಲ. ನಲವತ್ತನೆಯದು ಅವಳ ತಮ್ಮನದು. ನಲವತ್ತೊಂದನೆಯದು ಮೇಷ್ಟ್ರದು.

ಲಕೋಟೆ, ಪುಸ್ತಕ, ಆ ಕಂತಿನ ಪೆಟ್ಟಿಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಭಾನುವಾರ ಅವರ ಮನೆಗೆ ಹೋದೆ. ಮೇಷ್ಟ್ರು ಬೆರಳಿಟ್ಟು ಓದುತ್ತ ಬಂದರು. ಕೊನೆಯ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಕ್ಕ ಇಣುಕಿ ನೋಡಿ, "ನಿಮ್ದೇ ಅಲ್ವಾ ಅದು?" ಅಂದರು. ಇವರು ಕಾಗದ ಮಡಿಸಿ ನನ್ನ ಕಡೆ ತಿರುಗಿದರು.

"ಕಟ್ಟಿ ತುಂಬಿ ನೋಡಿದ್ರಾ ತಾಯಿ?"

"ಕಟ್ಟಿ ತುಂಬಿದೀನಿ. ನೀವು ಕಲಿಸಿದ ಹಾಗೇ. ನೋಡೋದು ನಿಮ್ಮೆದುರಿಗೇ ಆಗ್ಲಿ ಅಂತ ತಂದೆ."

ಫೋನಿನಲ್ಲಿ ಮೊಮ್ಮಗಳ ಅಳು ಹಾಕಿದೆ. ದೀಪ ಹತ್ತಿತು. "ಇನ್ನು ನಾಯಿ?" ಅಂದರು ಮೇಷ್ಟ್ರು. ನಾಯಿ ಎಲ್ಲಿಂದ ತರಲಿ? ಆ ವಠಾರದಲ್ಲಿ ಬೆಕ್ಕು ಬಿಟ್ಟರೆ ಗತಿಯಿಲ್ಲ. ಕೊನೆಗೆ ನಾನೇ ಪೆಟ್ಟಿಗೆಯ ಮುಂದೆ ಬಗ್ಗಿ ಬೊಗಳಿದೆ. ಐವತ್ತೆಂಟು ವರ್ಷದ ಹೆಂಗಸು, ಇನ್ನೊಬ್ಬರ ಮನೆಯ ನಡುಮನೆಯಲ್ಲಿ. ಅಕ್ಕ ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡು ನಕ್ಕರು. ದೀಪ ಹತ್ತಲಿಲ್ಲ.

"ಸೈನ್ ಹಾಕಿ," ಎಂದು ಮೇಷ್ಟ್ರು ಕೆಂಪು ಪೆನ್ನನ್ನು ನನ್ನ ಕೈಗೆ ಕೊಟ್ಟರು.

ನಾನು ಹೊಸ ಪುಟ ತೆರೆಯಲಿಲ್ಲ. ಹಳೆಯದಕ್ಕೆ ಹೋದೆ. 'ಕಾರಣ, ನನ್ನ ಅವಸರ' ಎಂಬುದರ ಕೆಳಗೆ, ನನ್ನ ಕೋಳಿಕಾಲಿನ ಅಕ್ಷರದಲ್ಲಿ, 'ಅವಸರ ಮಾಡಿಸಿದವಳು ನಾನು, ಲಾರಿಗಾಗಿ' ಎಂದು ಬರೆದು ಹೆಸರು ಹಾಕಿದೆ. ಕಣ್ಣು ಮಂಜಾಗಿ ಸಾಲು ಸೊಟ್ಟಗೆ ಹೋಯಿತು. ಪುಸ್ತಕವನ್ನು ಅವರ ಮುಂದೆ ತಿರುಗಿಸಿಟ್ಟೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಕೊನೆಯವರೆಗೆ ಓದಿದರು.

"ತಾರೀಖು ಹಾಕಿ," ಅಂದರು.